ಖಾಲಿ ಸಾಲು, ಖಾಲಿ ಬೆಂಚು: ಮೇನ್‌ಫ್ರೇಮ್ ಮೆಮೊರಿ ಕುರಿತ ಒಂದು ಮಾದರಿ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಪ್ರೌಢಶಾಲೆಯೊಂದರ 9ನೇ ತರಗತಿಗೆ ನಾನು ನಡೆಸಿದ ಮಾದರಿ ಪಾಠದ ವಿವರ ಇಲ್ಲಿದೆ. ವಿಷಯ ಪಠ್ಯಪುಸ್ತಕದ್ದಲ್ಲ. ದೊಡ್ಡ ಮೇನ್‌ಫ್ರೇಮ್ ಗಣಕವೊಂದು ಕೆಲಸ ನಿಲ್ಲಿಸದೆ ತನ್ನೊಳಗಿನ ಒಂದು ವಿಭಾಗಕ್ಕೆ ಹೆಚ್ಚಿನ ಮೆಮೊರಿಯನ್ನು ಹೇಗೆ ಒದಗಿಸುತ್ತದೆ ಎಂಬುದು ಪಾಠ. ಹಳ್ಳಿಯ ಪ್ರೌಢಶಾಲೆಗೆ ಇದು ಏಕೆ ಬೇಕು ಎಂದು ನಮ್ಮ ಪ್ರಶಿಕ್ಷಣಾರ್ಥಿಗಳೇ ಕೇಳಿದರು. ಬೇಕಾದದ್ದು ಮಕ್ಕಳಿಗೆ. ಅವರು ಕೇಳಿದ್ದರು.

ಪ್ರಶಿಕ್ಷಣಾರ್ಥಿಯೊಬ್ಬರು ಅದೇ ತರಗತಿಗೆ ಗಣಕಯಂತ್ರದ ಭಾಗಗಳ ಪಾಠ ಮಾಡಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದು ರ‍್ಯಾಮ್ ಪಟ್ಟಿಯನ್ನು ತೋರಿಸಿ, ಹೊಸದನ್ನು ಹಾಕುವ ಮೊದಲು ಯಂತ್ರವನ್ನು ಬಂದ್ ಮಾಡಲೇಬೇಕು ಎಂದು ಹೇಳಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಬ್ಯಾಂಕಿನ ದೊಡ್ಡ ಕಂಪ್ಯೂಟರಿಗೂ ಹಿಂಗೇ ಬಂದ್ ಮಾಡ್ತಾರಾ ಸಾರ್? ಅಷ್ಟೊತ್ತು ಯಾರಿಗೂ ದುಡ್ಡು ಬರಲ್ವಾ?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಅದನ್ನು ತಮ್ಮ ದಿನಚರಿಯಲ್ಲಿ ಬರೆದುಕೊಂಡು, ಮುಂದಿನ ತರಗತಿಯಲ್ಲಿ ಹೇಳುವುದಾಗಿ ತಿಳಿಸಿದ್ದರು. ಅವಲೋಕನ ಪುಸ್ತಕದಲ್ಲಿ ನಾನು ಆ ನಡೆಗೆ ಮೆಚ್ಚುಗೆ ಬರೆದೆ. ಮುಂದಿನ ಪಾಠವನ್ನು ಮಾದರಿ ಪಾಠವಾಗಿ ನಾನೇ ತೆಗೆದುಕೊಂಡೆ.

ಬೋಧಕರಿಗೆ ಬೇಕಾದ ಹಿನ್ನೆಲೆ

ಮೇನ್‌ಫ್ರೇಮ್ ಎಂದರೆ ಏಕಕಾಲಕ್ಕೆ ಸಾವಿರಾರು ಜನರ ಲೆಕ್ಕ ವ್ಯವಹಾರಗಳನ್ನು ನಡೆಸಲು, ನಿಲ್ಲದೆ ಓಡಲು ಕಟ್ಟಿದ ಗಣಕ. ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳು, ವಿಮೆ ಕಂಪನಿಗಳು, ವಿಮಾನಯಾನ ಸಂಸ್ಥೆಗಳು ಇದನ್ನು ಬಳಸುತ್ತವೆ. ಹವಾಮಾನದ ಲೆಕ್ಕ ಹಾಕುವ ಸೂಪರ್ ಕಂಪ್ಯೂಟರ್ ಬೇರೆ, ಇದು ಬೇರೆ. ಅದು ಒಂದು ದೊಡ್ಡ ಲೆಕ್ಕವನ್ನು ಬೇಗ ಮುಗಿಸಲು, ಇದು ಕೋಟ್ಯಂತರ ಸಣ್ಣ ಲೆಕ್ಕಗಳನ್ನು ತಪ್ಪದೆ ಮುಗಿಸಲು. ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಇವೆರಡನ್ನೂ ಒಂದೇ ಎಂದು ತಿಳಿದಿರುತ್ತಾರೆ, ಆದ್ದರಿಂದ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.

ಕರ್ನಾಟಕಕ್ಕೆ ಈ ಯಂತ್ರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರ ಆರಂಭವಾದಾಗ ಅಲ್ಲಿದ್ದದ್ದು ಐಬಿಎಂ 360/44. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ಕೊಡುವ ಪ್ರತಿಭಾ ವಿಕಾಸ ಕೇಂದ್ರ ಇದೇ ಸಂಸ್ಥೆಯದು ಎಂದಾಗ ಮಕ್ಕಳಿಗೆ ಆ ಹೆಸರು ಹತ್ತಿರವಾಯಿತು. 360/44 ಮಾದರಿಗೆ ಹಾಕಬಹುದಾಗಿದ್ದ ಗರಿಷ್ಠ ಮೆಮೊರಿ 256 ಕಿಲೋಬೈಟ್. 2022ರಲ್ಲಿ ಬಂದ ಐಬಿಎಂ ಝಡ್16ಕ್ಕೆ 40 ಟೆರಾಬೈಟ್‌ವರೆಗೆ ಹಾಕಬಹುದು. ಎಷ್ಟು ಪಟ್ಟು? 8ನೇ ತರಗತಿಯ ಘಾತಾಂಕದ ಪಾಠವನ್ನು ಇಲ್ಲಿ ಕರೆಸಿಕೊಂಡೆ. 256 ಕಿಲೋಬೈಟ್ ಎಂದರೆ 2ರ ಘಾತ 18 ಬೈಟ್. 40 ಟೆರಾಬೈಟ್ ಎಂದರೆ 40 ಗುಣಿಸು 2ರ ಘಾತ 40. ಭಾಗಿಸಿದರೆ 40 ಗುಣಿಸು 2ರ ಘಾತ 22, ಅಂದರೆ 16,77,72,160 ಪಟ್ಟು. ಮಕ್ಕಳು ಇದನ್ನು ಹಲಗೆಯ ಮೇಲೆ ತಾವೇ ಬಿಡಿಸಿದರು. ಘಾತಾಂಕಗಳನ್ನು ಕಳೆಯುವ ನಿಯಮ ಇಷ್ಟು ಕೆಲಸಕ್ಕೆ ಬರುತ್ತದೆ ಎಂದು ಅವರಿಗೆ ಅನ್ನಿಸಿದ್ದೇ ಒಂದು ಲಾಭ.

ಇಷ್ಟು ದೊಡ್ಡ ಯಂತ್ರವನ್ನು ಒಬ್ಬರೇ ಬಳಸುವುದಿಲ್ಲ. ಒಳಗೆ ಅದನ್ನು ವಿಭಾಗಗಳಾಗಿ ಮಾಡುತ್ತಾರೆ, ಝಡ್16ರಲ್ಲಿ 85ರವರೆಗೆ. ಪ್ರತಿ ವಿಭಾಗಕ್ಕೂ ಅದರದ್ದೇ ಕಾರ್ಯಾಚರಣ ವ್ಯವಸ್ಥೆ. ಒಂದರಲ್ಲಿ ಗ್ರಾಹಕರ ಲೆಕ್ಕ, ಇನ್ನೊಂದರಲ್ಲಿ ಹೊಸ ಪ್ರೋಗ್ರಾಂಗಳ ಪರೀಕ್ಷೆ, ಮತ್ತೊಂದರಲ್ಲಿ ಲಿನಕ್ಸ್. ಒಂದು ವಿಭಾಗಕ್ಕೆ ಪಕ್ಕದ ವಿಭಾಗ ಕಾಣುವುದಿಲ್ಲ. ತನ್ನ ಮೆಮೊರಿ ಸೊನ್ನೆಯಿಂದ ಶುರುವಾಗುತ್ತದೆ ಎಂದೇ ಪ್ರತಿಯೊಂದೂ ತಿಳಿದಿರುತ್ತದೆ. ಹೀಗೆ ಹಂಚುವ ಕೆಲಸ ಯಂತ್ರದೊಳಗೇ ಕೂತಿರುವ ಪಿಆರ್/ಎಸ್ಎಂ ಎಂಬ ಹಂಚಿಕೆದಾರನದು. 1988ರಲ್ಲಿ ಐಬಿಎಂ 3090 ಯಂತ್ರಗಳೊಂದಿಗೆ ಅದು ಬಂತು.

ವಿಭಾಗವನ್ನು ಚಾಲೂ ಮಾಡುವ ಮೊದಲು ಅದರ ವಿವರಪಟ್ಟಿಯಲ್ಲಿ ಮೆಮೊರಿಗೆ ಎರಡು ಅಂಕಿಗಳನ್ನು ಬರೆಯುತ್ತಾರೆ. ಮೊದಲನೆಯದು ಆರಂಭಿಕ ಮೆಮೊರಿ. ಅಷ್ಟು ಮೆಮೊರಿ ಆ ಗಳಿಗೆಯಲ್ಲಿ ಯಂತ್ರದಲ್ಲಿ ನಿಜವಾಗಿ ಬಿಡುವಾಗಿರಬೇಕು, ಇಲ್ಲದಿದ್ದರೆ ವಿಭಾಗ ಚಾಲೂ ಆಗುವುದಿಲ್ಲ. ಎರಡನೆಯದು ರಿಸರ್ವ್ಡ್ ಮೆಮೊರಿ. ಮುಂದೆ ಬೇಕಾದರೆ ಇನ್ನೆಷ್ಟರವರೆಗೆ ಬೆಳೆಯಬಹುದು ಎಂಬುದು ಈ ಅಂಕಿ. ಆಮೇಲೆ ಕೆಲಸ ಹೆಚ್ಚಾದಾಗ ನಿರ್ವಾಹಕರು ಝಡ್/ಓಎಸ್‌ನಲ್ಲಿ ಕಾನ್ಫಿಗ್ ಎಂಬ ಆಜ್ಞೆ ಕೊಡುತ್ತಾರೆ. ಕಾರ್ಯಾಚರಣ ವ್ಯವಸ್ಥೆ ಹಂಚಿಕೆದಾರನನ್ನು ಕೇಳುತ್ತದೆ. ಬಿಡುವಿನ ಮೆಮೊರಿ ಇದ್ದರೆ ಅದು ವಿಭಾಗಕ್ಕೆ ಸೇರುತ್ತದೆ. ಇದನ್ನೇ ಆನ್‌ಲೈನ್‌ಗೆ ತರುವುದು ಎನ್ನುತ್ತಾರೆ. ಓಡುತ್ತಿರುವ ಪ್ರೋಗ್ರಾಂ ಒಂದೂ ನಿಲ್ಲುವುದಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಇದು: ಬಂದ್ ಮಾಡಬೇಕಿಲ್ಲ, ಆದರೆ ಬೇಕಾಗಬಹುದೆಂದು ಮೊದಲೇ ಯಾರೋ ಬರೆದಿಟ್ಟಿರಬೇಕು.

‘ಕಾಯ್ದಿರಿಸು’ ಎಂಬ ಪದದ ತೊಡಕು

ಪಾಠ ಯೋಜನೆ ಚರ್ಚಿಸುವಾಗ ಪ್ರಶಿಕ್ಷಣಾರ್ಥಿಗಳು ರಿಸರ್ವ್ಡ್ ಮೆಮೊರಿಯನ್ನು ‘ಕಾಯ್ದಿರಿಸಿದ ಮೆಮೊರಿ’ ಎಂದು ಅನುವಾದಿಸಿದರು. ಉದಾಹರಣೆಗೆ ಬಿತ್ತನೆ ಶೇಂಗಾ ಬೇಕೆಂದರು. ಈ ಸೀಮೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಸುಗ್ಗಿಯಲ್ಲಿ ಒಳ್ಳೆಯ ಕಾಯಿ ಆರಿಸಿ ಚೀಲ ಕಟ್ಟಿ ಅಟ್ಟಕ್ಕೆ ಏರಿಸುವುದು, ಮಳೆ ಬಂದಾಗ ಸಿಪ್ಪೆ ಸುಲಿದು ಬಿತ್ತುವುದು. ಆನ್‌ಲೈನ್‌ಗೆ ತರುವುದೆಂದರೆ ಸುಲಿಯುವುದು ಎಂದೂ ಒಬ್ಬರು ಸೇರಿಸಿದರು. ಕೇಳಲು ಚೆನ್ನಾಗಿದೆ. ಆದರೆ ಈ ಹೋಲಿಕೆಯನ್ನು ತರಗತಿಗೆ ಒಯ್ದರೆ ಮಕ್ಕಳು ಮೂಲ ವಿಷಯವನ್ನೇ ತಲೆಕೆಳಗಾಗಿ ಕಲಿಯುತ್ತಾರೆ.

ಏಕೆಂದರೆ ಅಟ್ಟದ ಮೇಲೆ ಚೀಲ ಇದೆ. ಬರಗಾಲದಲ್ಲೂ ಅದನ್ನು ಮುಟ್ಟುವುದಿಲ್ಲ. ಕನ್ನಡದಲ್ಲಿ ಕಾಯ್ದಿರಿಸು, ಮೀಸಲು, ಮುಡಿಪು ಎಂದಾಗಲೆಲ್ಲ ವಸ್ತು ಒಂದು ಕಡೆ ಇರುತ್ತದೆ. ಬಸ್ಸಿನಲ್ಲಿ ಕಾಯ್ದಿರಿಸಿದ ಸೀಟು ಕಣ್ಣಿಗೆ ಕಾಣುತ್ತದೆ, ಬೇರೆಯವರು ಕೂರುವಂತಿಲ್ಲ. ಈ ಭಾಗದ ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳನ್ನು ಹೂಡುವುದಿಲ್ಲ. ಮೇನ್‌ಫ್ರೇಮಿನ ರಿಸರ್ವ್ಡ್ ಮೆಮೊರಿ ಹಾಗಲ್ಲ. ಆ ಅಂಕಿಯ ಹಿಂದೆ ಒಂದು ಬೈಟ್ ಕೂಡ ತೆಗೆದಿಟ್ಟಿರುವುದಿಲ್ಲ. ವಿಭಾಗದ ವಿಳಾಸ ಸಂಖ್ಯೆಗಳು ಎಲ್ಲಿಯವರೆಗೆ ಹೋಗಬಹುದು ಎಂಬ ಅನುಮತಿ ಮಾತ್ರ ಅದು. ಆ ಹೊತ್ತಿಗೆ ಯಂತ್ರದಲ್ಲಿ ಬಿಡುವಿನ ಮೆಮೊರಿ ಇದ್ದರೆ ಸಿಗುತ್ತದೆ, ಪಕ್ಕದ ವಿಭಾಗ ಮೊದಲೇ ತೆಗೆದುಕೊಂಡಿದ್ದರೆ ಇಲ್ಲ. ಬಿಡುವಾಗಿರುವ ಒಂದೇ ಮೆಮೊರಿಯನ್ನು ನಂಬಿ ಮೂರು ವಿಭಾಗಗಳ ಪಟ್ಟಿಯಲ್ಲೂ ರಿಸರ್ವ್ಡ್ ಎಂದು ಬರೆಯಬಹುದು. ಬರೆಯುತ್ತಾರೆ ಕೂಡ, ಎಲ್ಲರಿಗೂ ಒಟ್ಟಿಗೆ ಬೇಕಾಗುವುದು ಅಪರೂಪ ಎಂಬ ಲೆಕ್ಕದಲ್ಲಿ.

ಹಾಗಾದರೆ ಸರಿಯಾದ ಹೋಲಿಕೆ ಯಾವುದು? ಶಾಲೆಯ ಹಾಜರಿ ಪುಸ್ತಕ. ಜೂನ್‌ನಲ್ಲಿ ಹೆಸರು ಬರೆಯುವಾಗ ತಡವಾಗಿ ಸೇರುವ ಮಕ್ಕಳಿಗೆಂದು ಕೆಲವು ಸಾಲು ಖಾಲಿ ಬಿಡುತ್ತೇವೆ. ಕ್ರಮಸಂಖ್ಯೆ 43ರಿಂದ 48 ಖಾಲಿ. ಖಾಲಿ ಸಾಲು ಬಿಟ್ಟಮಾತ್ರಕ್ಕೆ ತರಗತಿಯಲ್ಲಿ ಬೆಂಚು ಹುಟ್ಟುವುದಿಲ್ಲ. ಮಗು ಬಂದ ದಿನ ಪಕ್ಕದ ಕೋಣೆಯಲ್ಲಿ ಬೆಂಚು ಬಿಡುವಾಗಿದ್ದರೆ ತರಿಸುತ್ತೇವೆ. ಸಾಲೇ ಬಿಡದಿದ್ದರೆ ಬೆಂಚು ಇದ್ದೂ ಹೆಸರು ಬರೆಯಲು ಜಾಗವಿಲ್ಲ, ಪುಸ್ತಕವನ್ನೇ ಹೊಸದಾಗಿ ಬರೆಯಬೇಕು. ಖಾಲಿ ಸಾಲು ಬೇರೆ, ಖಾಲಿ ಬೆಂಚು ಬೇರೆ, ಹೆಚ್ಚುವರಿ ಮೆಮೊರಿ ಸಿಗಲು ಎರಡೂ ಬೇಕು. ತರಗತಿಯಲ್ಲಿ ನಾನು ‘ಕಾಯ್ದಿರಿಸಿದ’ ಎಂಬ ಪದವನ್ನು ಬಿಟ್ಟು ‘ಬೆಳೆಯುವ ಮಿತಿ’ ಎಂದು ಬಳಸಿದೆ. ಇದು ನನ್ನ ಆಯ್ಕೆ, ಪಾರಿಭಾಷಿಕ ಪದವೇನಲ್ಲ.

ಶೇಂಗಾ ಹೋಲಿಕೆಯನ್ನು ನಾವು ಬಿಸಾಡಲಿಲ್ಲ. ಪಾಠದ ಕೊನೆಯ ಮೌಲ್ಯಮಾಪನಕ್ಕೆ ಇಟ್ಟುಕೊಂಡೆವು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಮಗು ಹೇಳಬಲ್ಲದಾದರೆ ಅದಕ್ಕೆ ವಿಷಯ ತಿಳಿದಿದೆ ಎಂದರ್ಥ.

ಹದಿನಾರು ಹಾಳೆಗಳ ಆಟ

ಹಾಜರಿ ಪುಸ್ತಕಕ್ಕೂ ಒಂದು ಮಿತಿಯಿದೆ. ಒಂದೇ ಬೆಂಚಿಗೆ ಹಲವು ತರಗತಿಗಳು ಪೈಪೋಟಿ ನಡೆಸುವುದು, ತಂದದ್ದನ್ನು ಹಿಂತಿರುಗಿಸುವುದು ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಆಟ. ಬೇಕಾದ ಸಾಮಗ್ರಿ ಒಂದು ಬದಿ ಬಳಸಿದ 16 ಹಾಳೆ, ಪೆನ್ಸಿಲ್, ಪೆನ್ನು, ರಬ್ಬರ್. ಹಾಳೆಗಳ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 1ರಿಂದ 16ರವರೆಗೆ ಸಂಖ್ಯೆ. ಇದು ಯಂತ್ರದ ಸಂಖ್ಯೆ. ತರಗತಿಯಲ್ಲಿ ಮೂರು ಗುಂಪು, ಮೇಜಿನ ಬಳಿ ಒಬ್ಬ ಹಂಚಿಕೆದಾರ. ಹಲಗೆಯ ಮೇಲೆ ಪಟ್ಟಿ ಹೀಗೆ ಬರೆದೆ: ‘ಅ’ ಗುಂಪಿಗೆ ಆರಂಭಿಕ 6, ಬೆಳೆಯುವ ಮಿತಿ 4. ‘ಆ’ ಗುಂಪಿಗೆ ಆರಂಭಿಕ 5, ಬೆಳೆಯುವ ಮಿತಿ 4. ‘ಇ’ ಗುಂಪಿಗೆ ಆರಂಭಿಕ 2, ಬೆಳೆಯುವ ಮಿತಿ 0.

ಕೂಡಲೇ ಒಬ್ಬ ಹುಡುಗ ಕೂಡಿಸಿ ನೋಡಿದ. “ಮೊದಲು ಕೊಡೋದು 13 ಸಾರ್. ಉಳಿಯೋದು 3. ಆದರೆ ಮಿತಿ ಅಂತ 8 ಬರ್ದೀರಿ. ಲೆಕ್ಕ ತಪ್ಪಿದೆ.” ನಾನು ಉತ್ತರ ಕೊಡದೆ ಆಟ ಮುಂದುವರಿಸಿದೆ. ಈ ಆಕ್ಷೇಪ ಬಾರದಿದ್ದರೆ ಬೋಧಕರೇ ಅದನ್ನು ಎತ್ತಬೇಕು, ಏಕೆಂದರೆ ಪಾಠದ ತಿರುಳು ಆ ಲೆಕ್ಕದಲ್ಲೇ ಇದೆ.

ಹಂಚಿಕೆದಾರ ಹಾಳೆ ಕೊಟ್ಟ. ಪ್ರತಿ ಗುಂಪೂ ತನ್ನ ಹಾಳೆಗಳಿಗೆ ಪೆನ್ಸಿಲಿನಲ್ಲಿ ತನ್ನದೇ ಸಂಖ್ಯೆ ಹಾಕಿಕೊಂಡಿತು, 1ರಿಂದ. ಯಂತ್ರದ 7ನೇ ಹಾಳೆ ‘ಆ’ ಗುಂಪಿಗೆ 1ನೇ ಹಾಳೆ. ಜೊತೆಗೆ ‘ಅ’ ಗುಂಪಿನವರು ತಮ್ಮ ಪುಸ್ತಕದಲ್ಲಿ 7ರಿಂದ 10ರವರೆಗೆ ಖಾಲಿ ಸಾಲು ಬರೆದುಕೊಂಡರು. ‘ಆ’ ಗುಂಪು 6ರಿಂದ 9. ‘ಇ’ ಗುಂಪಿಗೆ ಖಾಲಿ ಸಾಲು ಇಲ್ಲ. ಗುಂಪುಗಳಿಗೆ ಮಗ್ಗಿ ಬರೆಯುವ, ಭಾಗಾಕಾರ ಬಿಡಿಸುವ ಕೆಲಸ ಕೊಟ್ಟೆ. ಅವರು ಬರೆಯುತ್ತಿರುವಾಗಲೇ ‘ಅ’ ಗುಂಪಿಗೆ ತಿಂಗಳ ಕೊನೆಯ ಸಂಬಳದ ಲೆಕ್ಕ ಎಂದು ಹೆಚ್ಚಿನ ಕೆಲಸ ಸುರಿದೆ. ಹಾಳೆ ಸಾಲದಾಯಿತು. ಅವರು 2 ಹಾಳೆ ಕೇಳಿದರು. ಖಾಲಿ ಸಾಲಿತ್ತು, ಮೇಜಿನ ಮೇಲೆ ಹಾಳೆಯೂ ಇತ್ತು. ಯಂತ್ರದ 14, 15ನೇ ಹಾಳೆಗಳು ‘ಅ’ ಗುಂಪಿನ 7, 8 ಆದವು. ಗುಂಪಿನಲ್ಲಿ ಬರೆಯುತ್ತಿದ್ದ ಯಾರೂ ಕೈ ನಿಲ್ಲಿಸಲಿಲ್ಲ. ಅದನ್ನು ಗಮನಿಸಿ ಹೇಳಲು ಇನ್ನೊಂದು ಗುಂಪಿನ ಮಗುವಿಗೆ ಮೊದಲೇ ಒಪ್ಪಿಸಿದ್ದೆ.

ಈಗ ‘ಆ’ ಗುಂಪು 2 ಹಾಳೆ ಕೇಳಿತು. ಮೇಜಿನ ಮೇಲೆ ಇದ್ದದ್ದು 1. ಕೇಳಿದಷ್ಟು ಇಲ್ಲದಿದ್ದರೆ ‘ಇಲ್ಲ’ ಎನ್ನುವುದು ನಮ್ಮ ಆಟದ ನಿಯಮ. “ನಮ್ಮ ಪಟ್ಟಿಯಲ್ಲಿ 4 ಅಂತ ಬರೆದಿದೆಯಲ್ಲ!” ಎಂದು ಅವರು ಕೂಗಿದರು. ಹಿಂದೆ ಲೆಕ್ಕ ತಪ್ಪಿದೆ ಎಂದಿದ್ದ ಹುಡುಗನೇ ಎದ್ದು, “ಬರೆದಿದೆ, ಇಟ್ಟಿಲ್ಲ” ಎಂದ. ನಾನು ನಾಲ್ಕು ವಾಕ್ಯದಲ್ಲಿ ಹೇಳಬೇಕೆಂದುಕೊಂಡಿದ್ದನ್ನು ಅವನು ಎರಡು ಪದದಲ್ಲಿ ಹೇಳಿದ್ದರಿಂದ ಹಲಗೆಯ ಮೇಲೆ ಅದನ್ನೇ ಬರೆದೆ.

ಮೂರನೆಯ ಬೇಡಿಕೆ ‘ಇ’ ಗುಂಪಿನದು. ಒಂದೇ ಹಾಳೆ ಕೇಳಿದರು, ಮೇಜಿನ ಮೇಲೆ ಒಂದು ಹಾಳೆ ಇತ್ತು. ಹಂಚಿಕೆದಾರ ಕೊಡಲು ಕೈ ಚಾಚಿದವನು ಹಲಗೆಯ ಪಟ್ಟಿ ನೋಡಿ ನಿಂತ. ಮಿತಿ ಸೊನ್ನೆ. ಕೊಡುವಂತಿಲ್ಲ. ಇಲ್ಲಿ ತರಗತಿ ಬಿಸಿಯಾಯಿತು. ಹಾಳೆ ಸುಮ್ಮನೆ ಬಿದ್ದಿರುವಾಗ ಕೊಡದಿರುವುದು ಅನ್ಯಾಯ ಎಂದು ಅರ್ಧ ತರಗತಿ, ಬೆಳಗ್ಗೆಯೇ ಕೇಳಿಕೊಳ್ಳಬೇಕಿತ್ತು ಎಂದು ಉಳಿದರ್ಧ. ನಿಜವಾದ ಯಂತ್ರದಲ್ಲೂ ಹೀಗೇ ಆಗುತ್ತದೆ ಎಂದೆ. ಅಂಥ ವಿಭಾಗವನ್ನು ನಿಲ್ಲಿಸಿ, ವಿವರಪಟ್ಟಿ ತಿದ್ದಿ, ಮತ್ತೆ ಚಾಲೂ ಮಾಡಬೇಕು. ಹುಡುಗಿ ಮೊದಲ ದಿನ ಹೆದರಿದ್ದ ‘ಬಂದ್’ ಬರುವುದು ಇಲ್ಲಿ.

“ಹಂಗಾದ್ರೆ ಎಲ್ಲರಿಗೂ 100 ಅಂತ ಬರೆದುಬಿಡಿ ಸಾರ್, ಬರೆಯೋಕೆ ಖರ್ಚೇನು?” ಎಂಬ ಪ್ರಶ್ನೆ ಬಂತು. ಪ್ರಶಿಕ್ಷಣಾರ್ಥಿಗಳು ಇದಕ್ಕೆ ಸಿದ್ಧರಿರಬೇಕು. ಹೆಚ್ಚಿನ ಮಿತಿ ಬರೆಯಲು ಮೆಮೊರಿಯ ಖರ್ಚು ಇಲ್ಲ ಎಂಬುದು ಬಹುಪಾಲು ನಿಜ. ಆದರೆ ಮೆಮೊರಿಯನ್ನು ಒಂದೊಂದು ಬೈಟಾಗಿ ಕೊಡುವುದಿಲ್ಲ, ತುಂಡುಗಳಾಗಿ ಕೊಡುತ್ತಾರೆ. ಆರಂಭಿಕ ಅಂಕಿ, ಮಿತಿಯ ಅಂಕಿ ಇವೆರಡರಲ್ಲಿ ದೊಡ್ಡದು ಎಷ್ಟಿದೆಯೋ ಅದರ ಮೇಲೆ ತುಂಡಿನ ಗಾತ್ರ ನಿರ್ಧಾರವಾಗುತ್ತದೆ. ಮಿತಿ ಬಹಳ ದೊಡ್ಡದಾದರೆ ತುಂಡೂ ದೊಡ್ಡದು. ಸ್ವಲ್ಪ ಬೇಕಾದಾಗಲೂ ದೊಡ್ಡ ತುಂಡನ್ನೇ ತೆಗೆದುಕೊಳ್ಳಬೇಕು. ಇದಕ್ಕಿಂತ ದೊಡ್ಡ ಖರ್ಚು ಇನ್ನೊಂದು, ಅದು ಯಂತ್ರದ್ದಲ್ಲ: ಪಟ್ಟಿಯಲ್ಲಿ 100 ಎಂದು ಓದಿದವರು 100 ಇದೆ ಎಂದೇ ನಂಬಿ ಯೋಜನೆ ಹಾಕುತ್ತಾರೆ.

ಪೆನ್ಸಿಲ್ ಮತ್ತು ಪೆನ್ನು

ಕೊಡುವುದು ಸುಲಭ, ಹಿಂಪಡೆಯುವುದು ಕಷ್ಟ. ಪಾಠದ ಎರಡನೆಯ ಭಾಗ ಇದು, ಮಕ್ಕಳು ಹೆಚ್ಚು ಯೋಚಿಸಿದ್ದೂ ಇಲ್ಲಿ. ಸಂಬಳದ ಲೆಕ್ಕ ಮುಗಿಯಿತು, ‘ಅ’ ಗುಂಪು 2 ಹಾಳೆ ಹಿಂತಿರುಗಿಸಲಿ ಎಂದೆ. ಆ ಹಾಳೆಗಳ ಮೇಲೆ ಇನ್ನೂ ಬೇಕಾದ ಬರಹ ಇತ್ತು. ಏನು ಮಾಡಬೇಕು? ತಮ್ಮ ಬೇರೆ ಹಾಳೆಯ ಖಾಲಿ ಜಾಗಕ್ಕೆ ನಕಲು ಮಾಡಿ, ಅಲ್ಲಿ ಜಾಗವಿಲ್ಲದಿದ್ದರೆ ನೋಟ್‌ಬುಕ್ಕಿಗೆ ಬರೆದುಕೊಂಡು, ಹಾಳೆಯನ್ನು ಅಳಿಸಿ ಕೊಡಬೇಕು. ಗಣಕದಲ್ಲೂ ಹಾಗೇ. ತೆರವಾಗಬೇಕಾದ ಭಾಗದಲ್ಲಿರುವುದನ್ನು ಮೆಮೊರಿಯ ಬೇರೆ ಕಡೆಗೆ ಸರಿಸುತ್ತದೆ, ಇಲ್ಲವೇ ಡಿಸ್ಕಿಗೆ ಬರೆಯುತ್ತದೆ.

8ನೇ ಹಾಳೆಗೆ ತೊಂದರೆಯಿರಲಿಲ್ಲ, ಪೂರ್ತಿ ಪೆನ್ಸಿಲ್. 7ನೆಯದರಲ್ಲಿ ಪೆನ್ನಿನಲ್ಲಿ ಬರೆದ ಒಂದು ಸಾಲಿತ್ತು. ಅಳಿಸಲಾಗದು. ಪೆನ್ನಿನ ಸಾಲು ಬರೆಯಲೆಂದು ಆ ಗುಂಪಿನ ಒಬ್ಬಳಿಗೆ ನಾನೇ ಮೊದಲೇ ಚೀಟಿ ಕೊಟ್ಟಿದ್ದೆ. ಇಡೀ ಹಾಳೆ ಒಂದು ಸಾಲಿನಿಂದಾಗಿ ಸಿಕ್ಕಿಬಿತ್ತು. ಗಣಕದಲ್ಲಿ ‘ಪೆನ್ನಿನ ಬರಹ’ ಯಾವುದು? ಜಾಗ ಬದಲಿಸಬಾರದು ಎಂದು ಮೊಳೆ ಹೊಡೆದಂತೆ ಇಟ್ಟ ಪುಟಗಳು. ಕಾರ್ಯಾಚರಣ ವ್ಯವಸ್ಥೆಯ ಕೆಲವು ಭಾಗಗಳು ಹೀಗಿರುತ್ತವೆ. ಡಿಸ್ಕಿನಿಂದ ಮಾಹಿತಿ ತರುವ ಉಪಕರಣಕ್ಕೆ ‘ಇಂಥ ಮೆಮೊರಿ ವಿಳಾಸಕ್ಕೆ ತಂದುಹಾಕು’ ಎಂದು ಹೇಳಿ ಕಳಿಸಿದ ಮೇಲೆ ಅದು ಮುಗಿಯುವವರೆಗೆ ಆ ವಿಳಾಸ ಬದಲಾಗುವಂತಿಲ್ಲ. ಅಂಚೆಯವನು ಕಾಗದ ಹಿಡಿದು ದಾರಿಯಲ್ಲಿರುವಾಗ ಮನೆ ಬದಲಾಯಿಸಿದ ಹಾಗೆ ಆಗುತ್ತದೆ ಎಂದು ಒಬ್ಬ ಹೇಳಿದ. ಆ ಹೋಲಿಕೆ ಚೆನ್ನಾಗಿ ನಿಲ್ಲುತ್ತದೆ.

ಇದಕ್ಕೆ ಉಪಾಯವನ್ನು ಮಕ್ಕಳೇ ಸೂಚಿಸಲಿ ಎಂದು ಎರಡು ನಿಮಿಷ ಬಿಟ್ಟೆ. ‘ಆಮೇಲೆ ಕೊಡಬೇಕಾದ ಹಾಳೆ ಮೇಲೆ ಪೆನ್ನು ಮುಟ್ಟಬಾರದು’ ಎಂಬ ನಿಯಮ ಎರಡು ಗುಂಪುಗಳಿಂದ ಬಂತು. ಝಡ್/ಓಎಸ್‌ನಲ್ಲಿ ಇದೇ ನಿಯಮವನ್ನು ಆರಂಭದಲ್ಲೇ ಆರ್‌ಎಸ್‌ಯು ಎಂಬ ಸೂಚನೆಯ ಮೂಲಕ ಕೊಡುತ್ತಾರೆ. ಎಷ್ಟು ಮೆಮೊರಿಯನ್ನು ಮುಂದೆ ಹಿಂತಿರುಗಿಸುವಂತೆ ಇಡಬೇಕು ಎಂದು ಅದು ಹೇಳುತ್ತದೆ. ಅಷ್ಟರಲ್ಲಿ ದೀರ್ಘಕಾಲ ಅಲುಗಾಡದ ಪುಟಗಳನ್ನು ಇಡುವುದಿಲ್ಲ. ಲಿನಕ್ಸ್‌ನಲ್ಲೂ ಸರಿಸಬಹುದಾದ ಬರಹಕ್ಕೆ ಮಾತ್ರ ಎಂದು ಒಂದು ವಲಯವನ್ನು ಗುರುತಿಸಬಹುದು. ಹಾಗೆಂದು ಎಲ್ಲ ಹಾಳೆಗಳನ್ನೂ ಪೆನ್ಸಿಲಿಗೇ ಬಿಟ್ಟರೆ? ಪೆನ್ನಿನಲ್ಲೇ ಬರೆಯಬೇಕಾದದ್ದಕ್ಕೆ ಜಾಗ ಸಾಲದೆ ಪರದಾಡಬೇಕಾಗುತ್ತದೆ. ಆದ್ದರಿಂದ ಮೆಮೊರಿಯನ್ನು ಹಿಂತಿರುಗಿಸುವ ಅಗತ್ಯ ಬೀಳದ ಕಡೆ ಆ ಅಂಕಿಯನ್ನು ಸೊನ್ನೆಯಾಗಿಯೇ ಇಡುತ್ತಾರೆ.

ಆಟವನ್ನು ಹೊಸ ನಿಯಮದೊಂದಿಗೆ ಮತ್ತೆ ಆಡಿಸಿದೆ. ಈ ಸಲ ಎರಡೂ ಹಾಳೆ ಅಳಿಸಿ ಹಿಂತಿರುಗಿದವು, ‘ಆ’ ಗುಂಪಿಗೆ ಬೇಕಾದ 2 ಸಿಕ್ಕವು. ಯಂತ್ರದ 14ನೇ ಹಾಳೆ ‘ಅ’ ಗುಂಪಿನಲ್ಲಿ 7 ಆಗಿದ್ದದ್ದು ಈಗ ‘ಆ’ ಗುಂಪಿನಲ್ಲಿ 6 ಆಯಿತು. ಅಳಿಸದೆ ಕೊಟ್ಟರೆ ಏನಾಗುತ್ತಿತ್ತು ಎಂದು ಕೇಳಿದಾಗ, ಅವರ ಸಂಬಳದ ಲೆಕ್ಕ ಇವರಿಗೆ ಗೊತ್ತಾಗುತ್ತಿತ್ತು ಎಂಬ ಉತ್ತರ ತಕ್ಷಣ ಬಂತು. ನಿಜವಾದ ಹಂಚಿಕೆದಾರ ಇದಕ್ಕಾಗಿಯೇ ಒಂದು ವಿಭಾಗ ಬಿಟ್ಟ ಮೆಮೊರಿಯನ್ನು ಅಳಿಸಿಯೇ ಇನ್ನೊಂದಕ್ಕೆ ಕೊಡುತ್ತದೆ.

ಸಮಯವಿದ್ದರೆ ಸೇರಿಸಬಹುದಾದ ಎರಡು ಸಂಗತಿಗಳಿವೆ. ಒಂದು ವಿಭಾಗ ಕೆಟ್ಟು ನಿಂತಾಗ ಅದರ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳಬೇಕಾಗುತ್ತದೆ. ಕೆಟ್ಟದ್ದನ್ನು ನಿಷ್ಕ್ರಿಯಗೊಳಿಸಿ ಅದರ ಮೆಮೊರಿಯನ್ನು ಉಳಿದದ್ದಕ್ಕೆ ಸೇರಿಸುವಂತೆ ಮೊದಲೇ ನಿಯಮ ಬರೆದಿಡಬಹುದು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ರಜೆ ಹಾಕಿದ ದಿನ ಏನಾಗುತ್ತದೆಂದು ಬಲ್ಲ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನೊಂದು, ಯಂತ್ರದೊಳಗೆ ಮೆಮೊರಿ ಪಟ್ಟಿಗಳು ಕೂತಿದ್ದರೂ ಹಣ ಕೊಡುವವರೆಗೆ ಬೀಗ ಹಾಕಿರುವ ಏರ್ಪಾಡೂ ಇದೆ. ನಮ್ಮ ಬೀರುವಿನಲ್ಲಿ ಹಾಳೆಯಿದೆ, ಕೀಲಿ ಕಂಪನಿಯಲ್ಲಿದೆ ಎಂದಂತೆ. ನಾನು ಎರಡನೆಯದನ್ನು ಬಿಟ್ಟೆ, ‘ಬರೆದಿದೆ, ಇಟ್ಟಿಲ್ಲ’ ಎಂಬುದು ಗಟ್ಟಿಯಾಗುವ ಮೊದಲೇ ‘ಇಟ್ಟಿದೆ, ತೆರೆದಿಲ್ಲ’ ಎಂಬುದನ್ನು ತಂದರೆ ಎರಡೂ ಕಲಸಿಹೋಗುತ್ತವೆ.

ಪ್ರಯೋಗಾಲಯದಲ್ಲಿ

ಮೇನ್‌ಫ್ರೇಮ್ ನಮ್ಮ ಕೈಗೆ ಸಿಗದು. ಆದರೆ ಉಬುಂಟು ಅಥವಾ ಬೇರೆ ಲಿನಕ್ಸ್ ಇರುವ ಸಾಧಾರಣ ಗಣಕದ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಮೆಮ್’ ಎಂಬ ಆಜ್ಞೆಯನ್ನು ಸಣ್ಣಕ್ಷರಗಳಲ್ಲಿ ಬರೆದರೆ ಅದರ ಮೆಮೊರಿಯ ಪಟ್ಟಿ ತೆರೆಯುತ್ತದೆ. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ, ಆನ್‌ಲೈನ್ ಇದೆಯೇ ಎಂದು ಸಾಲು ಸಾಲಾಗಿ ತೋರಿಸಿ, ಕೊನೆಯಲ್ಲಿ ತುಂಡಿನ ಗಾತ್ರ, ಒಟ್ಟು ಆನ್‌ಲೈನ್, ಒಟ್ಟು ಆಫ್‌ಲೈನ್ ಎಂದು ಮೂರು ಅಂಕಿ ಕೊಡುತ್ತದೆ. ತುಂಡಿನ ಗಾತ್ರ ಅನೇಕ ಗಣಕಗಳಲ್ಲಿ 128 ಮೆಗಾಬೈಟ್. ನಮ್ಮ ಸಾಧಾರಣ ಗಣಕದಲ್ಲಿ ಒಟ್ಟು ಆಫ್‌ಲೈನ್ ಸೊನ್ನೆ, ಆಟದ ‘ಇ’ ಗುಂಪಿನಂತೆ. ಮೇನ್‌ಫ್ರೇಮಿನ ಲಿನಕ್ಸ್ ವಿಭಾಗದಲ್ಲಿ ಇದೇ ಆಜ್ಞೆ ಕೊಟ್ಟರೆ ಬೆಳೆಯುವ ಮಿತಿಯ ಭಾಗ ಆಫ್‌ಲೈನ್ ಎಂದು ಕಾಣುತ್ತದೆ, ‘ಸಿಎಚ್‌ಮೆಮ್’ ಎಂಬ ಜೊತೆಯ ಆಜ್ಞೆಯಿಂದ ಅದನ್ನು ಆನ್‌ಲೈನ್‌ಗೆ ತರಬಹುದು. ಪಾಠದ ಮರುದಿನ ಇದನ್ನು ಮಾಡಿಸುವುದು ಒಳ್ಳೆಯದು. ಆಟಕ್ಕಿಂತ ಮೊದಲೇ ತೋರಿಸಿದರೆ ಪರದೆಯ ಮೇಲಿನ ಅಂಕಿಗಳಿಗೆ ಅರ್ಥವಿರುವುದಿಲ್ಲ.

ಅವಲೋಕನ ಮತ್ತು ಮೌಲ್ಯಮಾಪನ

ಅವಲೋಕಿಸಿದ ಪ್ರಶಿಕ್ಷಣಾರ್ಥಿಗಳಲ್ಲಿ ಇಬ್ಬರು ಪಾಠದಲ್ಲಿ ‘ವಿವರಣೆ’ಯ ಹಂತ ಸರಿಯಾಗಿ ಕಾಣಲಿಲ್ಲ ಎಂದು ಬರೆದರು. 5ಇ ನಮೂನೆಯ ಕಾಲಂಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದು ನಿಜ. ವಿವರಣೆ ಆಟದ ಮಧ್ಯೆ ಅಲ್ಲಲ್ಲಿ ಹಂಚಿಹೋಗಿತ್ತು. ನಮೂನೆಯನ್ನು ತುಂಬಿಸಲೆಂದು ಅದನ್ನು ಒಂದೆಡೆ ಕೂಡಿಹಾಕುವುದು ನನಗೆ ಒಪ್ಪಿಗೆಯಿಲ್ಲ, ಈ ವಿಷಯದಲ್ಲಂತೂ ಪ್ರತಿ ವಿವರಣೆಗೂ ಮೊದಲು ಒಂದು ಜಗಳ ಬೇಕು. ಮತ್ತೊಬ್ಬರು, ಮಕ್ಕಳು ಪರಸ್ಪರ ಕೂಗಾಡಿದ್ದನ್ನು ತರಗತಿ ನಿರ್ವಹಣೆಯ ಕೊರತೆ ಎಂದು ಗುರುತಿಸಿದ್ದರು. ಕೂಗಿದ್ದು ಪಟ್ಟಿಯಲ್ಲಿರುವ ಅಂಕಿಯ ಬಗ್ಗೆ ಎಂದು ಚರ್ಚೆಯಲ್ಲಿ ಮಾರ್ಗದರ್ಶಕ ಶಿಕ್ಷಕರು ನೆನಪಿಸಿದರು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಕೊಟ್ಟೆ. ಮೊದಲನೆಯದು ಲೆಕ್ಕ. 20 ಹಾಳೆಗಳ ಯಂತ್ರ, ಎರಡು ವಿಭಾಗಗಳ ಆರಂಭಿಕ 9 ಮತ್ತು 7, ಮಿತಿ ತಲಾ 4. ಎರಡೂ ಮಿತಿಯವರೆಗೆ ಒಟ್ಟಿಗೆ ಬೆಳೆಯಬಹುದೇ? ಹೆಚ್ಚಿನವರು 4 ಹಾಳೆ ಮಾತ್ರ ಉಳಿಯುವುದರಿಂದ ಯಾವುದಾದರೂ ಒಂದೇ ಪೂರ್ತಿ ಬೆಳೆಯಬಹುದು ಎಂದು ಸರಿಯಾಗಿ ಬರೆದರು. ತಲಾ 2 ಹಂಚಿಕೊಳ್ಳಬಹುದು ಎಂದು ಬರೆದವರಿಗೂ ಅಂಕ ಕೊಡಬೇಕು, ಯಂತ್ರದಲ್ಲೂ ಅದಕ್ಕೆ ಅಡ್ಡಿಯಿಲ್ಲ. ಎರಡನೆಯದು, ‘ಬಿತ್ತನೆ ಶೇಂಗಾ ಚೀಲಕ್ಕೂ ಬೆಳೆಯುವ ಮಿತಿಗೂ ಇರುವ ಒಂದು ವ್ಯತ್ಯಾಸ ಬರೆಯಿರಿ’. ‘ಚೀಲ ಅಟ್ಟದಲ್ಲಿದೆ, ಮಿತಿ ಪುಸ್ತಕದಲ್ಲಿದೆ’ ಎಂಬುದು ಬಂದ ಉತ್ತರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು. ಒಬ್ಬಳು ನಾನು ನಿರೀಕ್ಷಿಸದ ವ್ಯತ್ಯಾಸ ಬರೆದಿದ್ದಳು: ಬಿತ್ತಿದ ಬೀಜ ಮರಳಿ ಅದೇ ಕಾಯಾಗಿ ಬರುವುದಿಲ್ಲ, ಮೆಮೊರಿ ಅಳಿಸಿ ಕೊಟ್ಟರೆ ಮೊದಲಿನಂತೆಯೇ ಇರುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರಗಳು ಚದುರಿಹೋದವು, ಅದನ್ನು ಹಾಗೇ ಮುಂದಿನ ತಂಡಕ್ಕೂ ಕೊಡುತ್ತಿದ್ದೇನೆ. ‘ನೀನು ಯಂತ್ರದ ಯೋಜಕಿ. 16 ಹಾಳೆಗಳಿವೆ. ಮೂರು ಗುಂಪುಗಳಿಗೆ ಆರಂಭಿಕ ಅಂಕಿ, ಮಿತಿ, ಪೆನ್ಸಿಲಿಗೇ ಮೀಸಲಾದ ಹಾಳೆಗಳ ಸಂಖ್ಯೆ ಇವನ್ನು ನೀನೇ ಬರೆ. ತಿಂಗಳ ಕೊನೆಯಲ್ಲಿ ಅ ಗುಂಪಿಗೆ, ತಿಂಗಳ ಮಧ್ಯದಲ್ಲಿ ಆ ಗುಂಪಿಗೆ ಕೆಲಸ ಹೆಚ್ಚು. ಇ ಗುಂಪಿನ ಕೆಲಸ ಯಾವಾಗ ಹೆಚ್ಚುತ್ತದೆಂದು ಯಾರಿಗೂ ಗೊತ್ತಿಲ್ಲ.’ ಕೆಲವರು ‘ಇ’ ಗುಂಪಿಗೆ ಆರಂಭದಲ್ಲೇ ಹೆಚ್ಚು ಹಾಳೆ ಕೊಟ್ಟರು, ಕೆಲವರು 2 ಹಾಳೆ ಕೊಟ್ಟು ಮಿತಿಯನ್ನು 14 ಎಂದು ಬರೆದರು. ಒಬ್ಬ ಹುಡುಗ ಮೇಜಿನ ಮೇಲೆ 3 ಹಾಳೆಗಳನ್ನು ಯಾರಿಗೂ ಕೊಡದೆ ಉಳಿಸಿ, ಮೂರೂ ಗುಂಪುಗಳಿಗೆ ಮಿತಿ 3 ಎಂದು ಬರೆದು, ಪಕ್ಕದಲ್ಲಿ ‘ಮೊದಲು ಕೇಳಿದವರಿಗೆ’ ಎಂದು ಟಿಪ್ಪಣಿ ಹಾಕಿದ್ದ. ಅಂಕ ಎಷ್ಟು ಕೊಡಬೇಕೆಂಬ ಬಗ್ಗೆ ಪ್ರಶಿಕ್ಷಣಾರ್ಥಿಗಳ ನಡುವೆ ಇನ್ನೂ ಒಮ್ಮತವಾಗಿಲ್ಲ. ಈ ಪ್ರಶ್ನೆಯ ಉತ್ತರ ಪತ್ರಿಕೆಗಳನ್ನು ತಿದ್ದದೆ ಇಟ್ಟಿದ್ದೇನೆ. ಮುಂದಿನ ಬೋಧನಾಭ್ಯಾಸಕ್ಕೆ ಹೋಗುವವರು ಅವನ್ನು ಮೊದಲು ಓದಿ, ತಾವೂ ಒಂದು ಪಟ್ಟಿ ಬರೆದುಕೊಂಡು ಬರಬೇಕು.